ಊರ ಹೆಸರನ್ನು ಬಾಲದಿಂದ ಓದುವುದು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೆಲವು ಊರುಗಳನ್ನು ಸಾಲಿಗೊಂದರಂತೆ ಬರೆದುಕೊಳ್ಳಿ: ನಾಯಕನಹಟ್ಟಿ, ಬುಡ್ನಹಟ್ಟಿ, ಸಾಣಿಕೆರೆ, ಬೆಳಗೆರೆ, ರಾಂಪುರ, ಪರಶುರಾಂಪುರ, ದೇವಸಮುದ್ರ, ನಾಗಸಮುದ್ರ, ಕೊಂಡ್ಲಹಳ್ಳಿ, ಜಾಜೂರು. ಈ ಎಲ್ಲ ಸಾಲುಗಳ ಕೊನೆಯಲ್ಲೂ ಒಂದೇ ಆಗಿರುವ ಭಾಗ ಯಾವುದು, ಅದು ಎಷ್ಟು ಉದ್ದ ಎಂದು ಕಂಪ್ಯೂಟರನ್ನು ಕೇಳಿದರೆ ಖಾಲಿ ಉತ್ತರ ಬರುತ್ತದೆ. ತಂತ್ರಾಂಶ ಕೆಟ್ಟಿಲ್ಲ. ಹಟ್ಟಿಗೂ ಕೆರೆಗೂ ಪುರಕ್ಕೂ ಸಮಾನವಾದದ್ದು ಏನೂ ಇಲ್ಲ, ಅದನ್ನೇ ಅದು ಹೇಳಿದೆ. ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ.

ಇಂಥ ಕೆಲಸ ಯಾರಿಗೆ ಬೀಳುತ್ತದೆ? ಸ್ಥಳನಾಮಗಳ ಮೇಲೆ ಕಿರುಪ್ರಬಂಧ ಬರೆಯುವ ವಿದ್ಯಾರ್ಥಿಗೆ, ನೂರಾರು ವಿಳಾಸಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ 'ತಾಲ್ಲೂಕು, ಜಿಲ್ಲೆ' ಭಾಗವನ್ನು ಒಮ್ಮೆಗೇ ತೆಗೆಯಬೇಕಾದ ಡಿಟಿಪಿಯವರಿಗೆ, ಪಂಚಾಯಿತಿ ಕಚೇರಿಯ ಡೇಟಾ ಎಂಟ್ರಿ ಆಪರೇಟರಿಗೆ, ಅಂತ್ಯಪ್ರಾಸ ಹುಡುಕುವ ಹಾಡುಗಾರರಿಗೆ. ನಾಲ್ವರೂ ಹುಡುಕುವುದು ಒಂದನ್ನೇ, ಹಲವು ಸಾಲುಗಳಿಗೆ ಸಮಾನವಾದ ಉದ್ದನೆಯ ಬಾಲವನ್ನು. ಇಂಗ್ಲಿಷ್ ಪಟ್ಟಿಯಲ್ಲಿ ಇದು ಐದು ನಿಮಿಷದ ಕೆಲಸ. ಕನ್ನಡದಲ್ಲಿ ಹಾಗಲ್ಲ. ಯಾವುದನ್ನು 'ಒಂದು ಅಕ್ಷರ' ಎಂದು ಎಣಿಸುತ್ತೀರಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಅದನ್ನು ಮೊದಲು ತೀರ್ಮಾನಿಸದೆ ಹೊರಟವರು ಅರ್ಧ ಒತ್ತಕ್ಷರಗಳನ್ನು ಪಟ್ಟಿ ಮಾಡಿಕೊಂಡು ಕೂರುತ್ತಾರೆ.

ಕನ್ನಡದ ಊರ ಹೆಸರಿನಲ್ಲಿ ಬಾಲಕ್ಕೇ ತೂಕ. ಸ್ಥಳನಾಮ ಅಧ್ಯಯನ ಮಾಡುವವರು ಹೆಸರನ್ನು ಎರಡಾಗಿ ಒಡೆಯುತ್ತಾರೆ. ಮುಂದಿನದು ನಿರ್ದಿಷ್ಟ, ಹಿಂದಿನದು ವಾರ್ಗಿಕ. ನಾಯಕನ ಎನ್ನುವುದು ನಿರ್ದಿಷ್ಟ, ಹಟ್ಟಿ ಎನ್ನುವುದು ವಾರ್ಗಿಕ. ಹಟ್ಟಿ ಎಂದರೆ ದನಕರು, ಕುರಿ ಕಟ್ಟಿಕೊಂಡು ನೆಲೆಸಿದವರ ಜಾಗ. ಮ್ಯಾಸಬೇಡರು, ಕಾಡುಗೊಲ್ಲರು ಇರುವ ಈ ಸೀಮೆಯಲ್ಲಿ ಆ ಬಾಲ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಶಂಬಾ ಜೋಶಿಯವರು 'ಎಡೆಗಳು ಹೇಳುವ ಕಂನಾಡ ಕಥೆ'ಯಲ್ಲಿ ಊರ ಹೆಸರುಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿ ಕನ್ನಡ ನುಡಿ ಹಬ್ಬಿದ ಬಗೆಯನ್ನು ಚರ್ಚಿಸಿದರು. ಜನರ ಬಾಯಲ್ಲೂ ಬಾಲಕ್ಕೆ ಮರ್ಯಾದೆ ಹೆಚ್ಚು. ಬೊಮ್ಮಗೊಂಡನಕೆರೆ ಬಸ್ಸಿನ ಬೋರ್ಡಿನಲ್ಲಿ ಬಿ.ಜಿ. ಕೆರೆ ಆಗಿದೆ. ಟಿ.ಎನ್. ಕೋಟೆ, ಎನ್. ದೇವರಹಳ್ಳಿ, ಪಿ. ಮಹದೇವಪುರ ಎಲ್ಲವೂ ಹೀಗೆಯೇ. ಇನಿಶಿಯಲ್ ಆಗುವುದು ಮುಂಭಾಗ. ಕೆರೆಯನ್ನೋ ಕೋಟೆಯನ್ನೋ ಯಾರೂ ಮೊಟಕು ಮಾಡುವುದಿಲ್ಲ. ಬಾಲ ಹುಡುಕುವವರಿಗೆ ಇದೊಂದು ಅನುಕೂಲ: ಮುಂದೆ ಏನೇ ಸಂಕ್ಷೇಪವಾಗಿರಲಿ, ಕುದಾಪುರವನ್ನು ಯಾರೋ ಖುದಾಪುರ ಎಂದೇ ಬರೆದಿರಲಿ, ನಮ್ಮ ಲೆಕ್ಕ ಕೆಡುವುದಿಲ್ಲ.

ಮೊದಲು ಕೈಯಲ್ಲಿ ಮಾಡುವ ವಿಧಾನ. ಪಟ್ಟಿಯನ್ನು ಎಡಕ್ಕಲ್ಲ, ಬಲಕ್ಕೆ ಒತ್ತಿ ಜೋಡಿಸಿ. ಕಂಪ್ಯೂಟರಿನಲ್ಲಾದರೆ ರೈಟ್ ಅಲೈನ್ ಗುಂಡಿ ಒತ್ತಿದರೆ ಆಯಿತು. ದೇವಸಮುದ್ರ, ನಾಗಸಮುದ್ರ, ಗೌರಸಮುದ್ರ ಒಂದರ ಕೆಳಗೊಂದು ಬಂದಾಗ ಬಲತುದಿಯಿಂದ ಎಡಕ್ಕೆ ಒಂದೊಂದೇ ಅಕ್ಷರ ಸರಿಯಿರಿ. ದ್ರ ಮೂರರಲ್ಲೂ ಇದೆ. ಮು ಇದೆ. ಸ ಇದೆ. ಆಮೇಲೆ ವ, ಗ, ರ, ಮೂರೂ ಬೇರೆ. ಅಲ್ಲಿಗೆ ನಿಲ್ಲಿಸಿ. ಸಿಕ್ಕಿದ್ದು ಸಮುದ್ರ. (ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಕ್ಕೆ ಇಷ್ಟೊಂದು ಸಮುದ್ರಗಳು! ಊರ ಹೆಸರಿನಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ. ಕೋನಸಾಗರದ ಸಾಗರವೂ ಅದೇ ಜಾತಿ.) ನೆನಪಿಡಬೇಕಾದ ನಿಯಮ ಎರಡೇ. ಸಮಾನ ಬಾಲ ಪಟ್ಟಿಯ ಅತಿ ಚಿಕ್ಕ ಸಾಲಿಗಿಂತ ಉದ್ದವಾಗಲಾರದು. ಆದ್ದರಿಂದ ಚಿಕ್ಕ ಸಾಲನ್ನು ಮುಂದಿಟ್ಟುಕೊಂಡೇ ಹೋಲಿಸಿ. ಒಂದೇ ಒಂದು ಸಾಲು ತಪ್ಪಿದರೂ ಅಲ್ಲಿಗೆ ಮುಗಿಯಿತು. ಮೂವತ್ತು ಹಟ್ಟಿಗಳ ನಡುವೆ ತಳಕು ನುಸುಳಿದರೆ ಉತ್ತರ ಸೊನ್ನೆ. ಕನ್ನಡದ ಮೊದಲ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರ 'ಟಿ', ತ.ರಾ.ಸು. ಅವರ 'ತ' ಎರಡಕ್ಕೂ ಮೂಲವಾದ ಊರು ಅದು, ಆದರೆ ಪಟ್ಟಿಯಲ್ಲಿ ಒಂಟಿ.

ಇನ್ನು ಕಂಪ್ಯೂಟರು. ಹಟ್ಟಿ ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಹ, ಟ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಮತ್ತೊಂದು ಟ, ಕೊನೆಗೆ ಗುಡಿಸು. ಹಳ್ಳಿಯೂ ಐದು, ಕೆರೆ ನಾಲ್ಕು, ಪುರ ಮೂರು, ಸಮುದ್ರ ಆರು. ಎಕ್ಸೆಲ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ 'ರೈಟ್' ಸೂತ್ರ ಹಾಕಿ ಬಲದಿಂದ ಎರಡಕ್ಷರ ಕೊಡು ಎಂದರೆ ನಾಯಕನಹಟ್ಟಿಗೆ 'ಟಿ' ಮಾತ್ರ ಬರುವುದು ಇದಕ್ಕೇ. ಐದು ಕೊಡು ಎಂದರೆ ಹಟ್ಟಿ ಬರುತ್ತದೆ.

ಸಂಕೇತಗಳನ್ನೇ ಹೋಲಿಸುತ್ತಾ ಹೋದರೆ ಏನಾಗುತ್ತದೆ ನೋಡಿ. ನೇರಲಗುಂಟೆ ಮತ್ತು ದೇವರಮರಿಕುಂಟೆ, ಎರಡೂ ಚಳ್ಳಕೆರೆ ತಾಲ್ಲೂಕಿನವು. ಕುಂಟೆ ಎಂದರೆ ಸಣ್ಣ ಹೊಂಡ ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಕಂಪ್ಯೂಟರು ಬಲದಿಂದ ಹೊರಟು ಎತ್ವ, ಟ, ಸೊನ್ನೆ, ಕೊಂಬು ದಾಟುತ್ತದೆ. ಮುಂದೆ ಒಂದರಲ್ಲಿ ಗ, ಇನ್ನೊಂದರಲ್ಲಿ ಕ. ನಿಂತಿತು. ಉತ್ತರವಾಗಿ ಅದು ಕೊಡುವುದು ಯಾವ ವ್ಯಂಜನಕ್ಕೂ ಅಂಟದ ಕೊಂಬಿನಿಂದ ಶುರುವಾಗುವ ಒಂದು ತುಂಡು. ಪರದೆಯ ಮೇಲೆ ಚುಕ್ಕಿಗಳ ವೃತ್ತವೊಂದು ಕೊಂಬು ಹೊತ್ತು ನಿಂತಿರುತ್ತದೆ. ಇದನ್ನು ತಪ್ಪಿಸಲು ಇಡಿಯ ಅಕ್ಷರಗಳನ್ನೇ ಹೋಲಿಸುತ್ತೇನೆ ಎಂದು ಹೊರಟರೆ ಕುಂ ಬೇರೆ, ಗುಂ ಬೇರೆ. ಉಳಿಯುವುದು ಬರೀ 'ಟೆ'. ಮೊದಲನೆಯದು ಅಸಹ್ಯ, ಎರಡನೆಯದು ನಿಷ್ಪ್ರಯೋಜಕ.

ಅಕ್ಷರದ ಲೆಕ್ಕ ಯಾವಾಗಲೂ ಸುರಕ್ಷಿತ ಎಂದು ನಂಬಿದವರಿಗೆ ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ, ತುಮಕೂರ್ಲಹಳ್ಳಿಗಳ ಜೋಡಿ ಇನ್ನೊಂದು ಪಾಠ. ಅಕ್ಷರವಾಗಿ ಹೋಲಿಸಿದರೆ ಡ್ಲ ಬೇರೆ, ರ್ಲ ಬೇರೆ, ಆದ್ದರಿಂದ ಹಳ್ಳಿ ಮಾತ್ರ ಸಮಾನ. ಆದರೆ ಕಿವಿಗೆ ಎರಡರಲ್ಲೂ 'ಲಹಳ್ಳಿ' ಕೇಳಿಸುತ್ತದೆ. ರಾಯದುರ್ಗದ ಕಡೆಯ ತೆಲುಗು ಬಲ್ಲವರಿಗೆ ಆ 'ಲ' ಕೇಳಿದೊಡನೆ ತಮ್ಮ ಭಾಷೆಯ ಬಹುವಚನದ ಷಷ್ಠಿ ನೆನಪಾಗುತ್ತದೆ. ಪಗಡಲಬಂಡೆಯಲ್ಲೂ ಅದೇ ಲ ಕೂತಿದೆ. ಗಡಿಸೀಮೆಯ ಪಟ್ಟಿಯಲ್ಲಿ ಇದು ಕಳೆದುಕೊಳ್ಳಬಾರದ ಸುಳಿವು. ಅಕ್ಷರದ ಜರಡಿ ಹಿಡಿದರೆ ಅದು ಸೋರಿಹೋಗುತ್ತದೆ.

ಊರು ಎಂಬ ಬಾಲದ್ದೂ ಇದೇ ಪಾಡು. ಜಾಜೂರು, ಚೌಳೂರು. ಲೋಪಸಂಧಿಯಾಗಿ ಹಿಂದಿನ ಸ್ವರ ಬಿದ್ದು, ಊ ಹೋಗಿ ವ್ಯಂಜನಕ್ಕೆ ಅಂಟಿಕೊಂಡಿದೆ. ಅಕ್ಷರವಾಗಿ ಜೂ ಬೇರೆ, ಳೂ ಬೇರೆ. ಸಮಾನ 'ರು' ಮಾತ್ರ. ಸಂಕೇತವಾಗಿ ನೋಡಿದರೆ ದೀರ್ಘ ಕೊಂಬೂ ಸಿಗುತ್ತದೆ, ಆದರೆ ಮತ್ತೆ ಅದೇ ಅನಾಥ ಕೊಂಬು.

ನನ್ನ ಮಟ್ಟಿಗೆ ಇದಕ್ಕೆಲ್ಲ ನೆಟ್ಟಗಿನ ದಾರಿ ಒಂದೇ: ಹೋಲಿಸುವ ಮುಂಚೆ ಹೆಸರನ್ನು ವರ್ಣಗಳಾಗಿ ಬಿಡಿಸುವುದು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಬಿಡಿಸಿ ಬರೆಸುತ್ತಿದ್ದರಲ್ಲ, ಹಾಗೆ. ಜಾಜೂರು ಎಂದರೆ ಜ್, ಆ, ಜ್, ಊ, ರ್, ಉ. ಚೌಳೂರು ಎಂದರೆ ಚ್, ಔ, ಳ್, ಊ, ರ್, ಉ. ಈಗ ಬಲದಿಂದ ಬನ್ನಿ: ಉ, ರ್, ಊ. ಸಮಾನ ಬಾಲ ಊರು, ಕಲೆಯಿಲ್ಲದೆ. ಪ್ರೋಗ್ರಾಂ ಬರೆಯುವವರಿಗೆ ಇದು ಹತ್ತು ಸಾಲಿನ ಕೆಲಸ. ವ್ಯಂಜನದ ಮುಂದೆ ಕಾಗುಣಿತದ ಚಿಹ್ನೆ ಬಂದರೆ ಅದನ್ನು ಪೂರ್ಣ ಸ್ವರವಾಗಿ ಬರೆಯುವುದು, ವಿರಾಮ ಬಂದರೆ ಸ್ವರ ಹಾಕದೆ ಬಿಡುವುದು, ಎರಡೂ ಇಲ್ಲದಿದ್ದರೆ ಅಡಗಿರುವ ಅಕಾರವನ್ನು ಹೊರಗೆ ತರುವುದು.

ಆ ಅಡಗಿದ ಅಕಾರವೇ ಈ ವಿಧಾನದ ದೊಡ್ಡ ಲಾಭ. ನಾಯಕನಹಟ್ಟಿಯ ಪಕ್ಕಕ್ಕೆ ಯಾವುದಾದರೊಂದು ಗೊಲ್ಲರಹಟ್ಟಿಯನ್ನು ಇಟ್ಟು ನೋಡಿ. ಸಂಕೇತದ ಲೆಕ್ಕದಲ್ಲಿ ನ ಮತ್ತು ರ ಬೇರೆಯಾದ್ದರಿಂದ ಹಟ್ಟಿಗೆ ನಿಲ್ಲುತ್ತದೆ. ವರ್ಣದ ಲೆಕ್ಕದಲ್ಲಿ ಸಮಾನ ಬಾಲ 'ಅಹಟ್ಟಿ'. ಆ ಮುಂದಿನ ಅ ಎಲ್ಲಿಂದ ಬಂತು? ನಾಯಕನ, ಗೊಲ್ಲರ, ಎರಡರ ಕೊನೆಯಲ್ಲೂ ಇರುವ ಷಷ್ಠೀ ವಿಭಕ್ತಿ ಪ್ರತ್ಯಯ ಅದು. ಹಟ್ಟಿ ಎನ್ನುವುದು ಒಬ್ಬನದೋ ಒಂದು ಗುಂಪಿನದೋ ಎಂದು ಹೇಳುವ ಪ್ರತ್ಯಯ ಕನ್ನಡ ಬರಹದಲ್ಲಿ ಕಣ್ಣಿಗೇ ಕಾಣುವುದಿಲ್ಲ, ವ್ಯಂಜನದೊಳಗೆ ಕರಗಿರುತ್ತದೆ. ಬಿಡಿಸಿದರೆ ಮಾತ್ರ ಸಿಕ್ಕೀತು. ಅಬ್ಬೇನಹಳ್ಳಿ, ತಮ್ಮೇನಹಳ್ಳಿ, ಚಿಕ್ಕೋಬನಹಳ್ಳಿಗಳಲ್ಲಿ 'ನಹಳ್ಳಿ' ಸಮಾನವಾಗಿ ಬರುವುದೂ ಈ ಷಷ್ಠಿಯ ಕಾರಣದಿಂದಲೇ.

ಬಿಡಿಸುವ ಪ್ರೋಗ್ರಾಂ ಬರೆಯಲು ಬಾರದವರು ಪಟ್ಟಿಯನ್ನು ರೋಮನ್ ಲಿಪಿಗೆ ತಿರುಗಿಸಿಕೊಂಡು ಹೋಲಿಸಬಹುದು. ಬರಹ ತಂತ್ರಾಂಶ ಬಳಸುವವರಿಗೆ ಇದು ರೂಢಿಯ ಹಾದಿ. ಒಂದು ಎಚ್ಚರ ಇರಲಿ. ದೀರ್ಘ ಸ್ವರಕ್ಕೆ ಎರಡು ಅಕ್ಷರ ಬಳಸುವ ಪದ್ಧತಿಯಲ್ಲಿ 'ಆ' ಮಧ್ಯಕ್ಕೆ ಮುರಿದು 'ಅ' ಎಂದು ಕಾಣುತ್ತದೆ. ಸಿದ್ದಾಪುರ, ಮಹದೇವಪುರ ಎರಡಕ್ಕೂ 'ಅಪುರ' ಸಮಾನ ಎಂದು ಯಂತ್ರ ಸುಳ್ಳು ಹೇಳುತ್ತದೆ. ದೀರ್ಘಕ್ಕೂ ಹ್ರಸ್ವಕ್ಕೂ ಒಂದೊಂದೇ ಚಿಹ್ನೆ ಇರುವ ಪದ್ಧತಿ ಆರಿಸಿಕೊಳ್ಳಿ.

ವರ್ಣವಾಗಿ ಬಿಡಿಸಿದರೂ ಸಂಧಿಯ ಕಾಟ ತಪ್ಪುವುದಿಲ್ಲ. ಚಳ್ಳಕೆರೆ, ಸಾಣಿಕೆರೆ, ಬೆಳಗೆರೆ, ಗೌಡಗೆರೆ. ನಾಲ್ಕೂ ಕೆರೆಗಳೇ. ಯಂತ್ರ ಕೊಡುವ ಸಮಾನ ಬಾಲ ಮಾತ್ರ 'ಎರೆ'. ಹೊಲದ ಮಣ್ಣು ಬಲ್ಲವರು ಎರೆಭೂಮಿಯ ಊರುಗಳು ಎಂದುಕೊಂಡರೂ ಆಶ್ಚರ್ಯವಿಲ್ಲ. ಗುಂಟೆ–ಕುಂಟೆಗಳ ಜೋಡಿಯಂತೂ 'ಉಂಟೆ?' ಎಂದು ನಮ್ಮನ್ನೇ ಕೇಳುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ಇಲ್ಲಿಯೂ ಕ ಹೋಗಿ ಗ ಬಂದಿದೆ, ಆದೇಶ ಸಂಧಿ. ಪರಿಹಾರ ಇಷ್ಟೇ: ಪಟ್ಟಿಯ ಒಂದು ನಕಲು ಮಾಡಿಕೊಂಡು ಅದರಲ್ಲಿ ಗ, ದ, ಬ ಇದ್ದಲ್ಲೆಲ್ಲ ಕ, ತ, ಪ ಹಾಕಿ ಆ ನಕಲನ್ನು ಹೋಲಿಸಿ, ಮೂಲ ಪಟ್ಟಿ ಮುಟ್ಟಬೇಡಿ. ನಾಲ್ಕೂ ಸಾಲಿಗೆ 'ಕೆರೆ' ಸಿಗುತ್ತದೆ. ಇದೇ ನಕಲಿನಲ್ಲಿ ಚಳ್ಳಕೆರೆ, ಬೆಳಗೆರೆ ಎರಡನ್ನೇ ಹೋಲಿಸಿದರೆ 'ಳಕೆರೆ' ಬರುತ್ತದೆ. ಚಳ್ಳಕೆರೆಯ ಳ್ಳ ಒತ್ತಿನ ಅರ್ಧ ಭಾಗ ಬೆಳಗೆರೆಯ ಳಕಾರಕ್ಕೆ ಕಾಕತಾಳೀಯವಾಗಿ ಹೊಂದಿತು, ಅಷ್ಟೇ. ಎರಡು ಸಾಲಿನ ಸಾಕ್ಷ್ಯದ ಮೇಲೆ ಯಾವ ಬಾಲವನ್ನೂ ನಂಬಬೇಡಿ. ಸಾಣಿಕೆರೆ ಬಂದು ಸೇರಿದ ಕೂಡಲೇ ಆ ಳ ಉದುರಿಹೋಯಿತಲ್ಲ.

ಇದಕ್ಕೂ ಮುಂಚೆ ಆಗಬೇಕಾದ ಒಂದು ಚಾಕರಿ ಇದೆ. ಬೇಸರದ್ದು, ಆದರೆ ಬಿಟ್ಟರೆ ಎಲ್ಲ ವ್ಯರ್ಥ. ಪಟ್ಟಿ ತೊಳೆಯುವುದು. ಸಾಲಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ, ಒಂದು ಪೂರ್ಣವಿರಾಮ ಸಾಕು, ಸಮಾನ ಬಾಲ ಸೊನ್ನೆಯಾಗಲು. ಹೋಲಿಕೆ ಆರಂಭವಾಗುವುದೇ ಆ ತುದಿಯಿಂದ. 'ಟ್ರಿಮ್' ಸೂತ್ರ ಸಾಮಾನ್ಯ ಖಾಲಿ ಜಾಗ ತೆಗೆಯುತ್ತದೆ. ಜಾಲತಾಣದಿಂದ ನಕಲು ಮಾಡಿದಾಗ ಬರುವ ಇನ್ನೊಂದು ಬಗೆಯ ಖಾಲಿ ಜಾಗವನ್ನಾಗಲಿ, ಒತ್ತು ಬೀಳದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತವನ್ನಾಗಲಿ ಅದು ಮುಟ್ಟುವುದಿಲ್ಲ. ಅವನ್ನು ಹುಡುಕಿ-ಬದಲಿಸು ಸೌಲಭ್ಯದಲ್ಲಿ ಪ್ರತ್ಯೇಕವಾಗಿ ತೆಗೆಯಬೇಕು.

ಕೋಟೆಯ ಕತೆ ಇನ್ನೂ ಸೂಕ್ಷ್ಮ. ಮನ್ನೇಕೋಟೆ, ಟಿ.ಎನ್. ಕೋಟೆ ಎರಡೂ ಪರದೆಯ ಮೇಲೆ ಒಂದೇ ಥರ ಮುಗಿಯುತ್ತವೆ. ಒಳಗೆ ಮಾತ್ರ 'ಕೋ'ಗೆ ಎರಡು ರೂಪ ಇರಬಹುದು. ಒಂದರಲ್ಲಿ ಓತ್ವ ಒಂದೇ ಸಂಕೇತ. ಇನ್ನೊಂದರಲ್ಲಿ ಎತ್ವ, ದೀರ್ಘ ಕೊಂಬು, ದೀರ್ಘದ ಗುರುತು ಎಂದು ಮೂರು ತುಂಡು. ಹೋಲಿಸಿದರೆ ಸಿಗುವುದು 'ಟೆ'. ಇದಕ್ಕೆ ಯೂನಿಕೋಡ್ ನಾರ್ಮಲೈಸೇಷನ್ ಎಂಬ ಮದ್ದಿದೆ. ಅದರ 'ಎನ್‌ಎಫ್‌ಸಿ' ರೂಪಕ್ಕೆ ಇಡೀ ಪಟ್ಟಿಯನ್ನು ತಂದರೆ ತುಂಡುಗಳು ಕೂಡಿಕೊಳ್ಳುತ್ತವೆ. ಹಳೆಯ 'ನುಡಿ' ತಂತ್ರಾಂಶದ ಕಡತಗಳಾದರೆ ನಾರ್ಮಲೈಸೇಷನ್ನಿಗೂ ಮೊದಲು ಯೂನಿಕೋಡಿಗೆ ಪರಿವರ್ತನೆ ಆಗಲೇಬೇಕು. ಅಲ್ಲಿ ಅಕ್ಷರಗಳು ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಉಚ್ಚರಿಸುವ ಕ್ರಮದಲ್ಲಲ್ಲ. ಘಟಪರ್ತಿ, ಉಳ್ಳಾರ್ತಿಗಳ ರಕಾರವನ್ನು ಅರ್ಕಾವೊತ್ತಾಗಿ ಬರೆದಿದ್ದರೆ ಅದು ತಿ ಆದಮೇಲೆ ಬಂದು ತುದಿಯಲ್ಲಿ ನಿಂತಿರುತ್ತದೆ. ಬಾಲದ ಲೆಕ್ಕಕ್ಕೆ ಅದಕ್ಕಿಂತ ಕೆಟ್ಟ ಜಾಗ ಬೇರಿಲ್ಲ.

ಯಂತ್ರ ಸರಿಪಡಿಸಲಾರದ್ದು ಬರೆಯುವವರ ಭಿನ್ನಮತ. ತಾಲ್ಲೂಕಿನ ಹೆಸರೇ ಮೊಳಕಾಲ್ಮುರು ಎಂದೂ ಮೊಳಕಾಲ್ಮೂರು ಎಂದೂ ಚಲಾವಣೆಯಲ್ಲಿದೆ. ದೀರ್ಘ ಹಾಕಿದರೆ ಜಾಜೂರು, ಚೌಳೂರುಗಳ ಗುಂಪಿಗೆ ಸೇರುತ್ತದೆ, ಹ್ರಸ್ವ ಹಾಕಿದರೆ ಹೊರಗೆ. ಅಮೃತಮಹಲ್ ಕಾವಲುಗಳೂ ಹಾಗೆಯೇ. ಒಂದು ದಾಖಲೆಯಲ್ಲಿ ಉಳ್ಳಾರ್ತಿ ಕಾವಲ್, ಮತ್ತೊಂದರಲ್ಲಿ ಕಾವಲು. ಇಲ್ಲಿ ಒಂದು ರೂಪವನ್ನು ನೀವೇ ಆರಿಸಿ, ಆರಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು.

ತೊಳೆದು, ಬಿಡಿಸಿ ಆದಮೇಲೆ ಹುಡುಕುವ ಕೆಲಸ ಸಲೀಸು. ಪ್ರತಿ ಸಾಲನ್ನೂ ಹಿಂದುಮುಂದು ತಿರುಗಿಸಿ. ಲಿನಕ್ಸ್‌ನಲ್ಲಿ ಇದಕ್ಕೆಂದೇ 'ರೆವ್' ಎಂಬ ಆದೇಶವಿದೆ. ತಿರುಗಿಸಿದ ಸಾಲುಗಳನ್ನು ಅನುಕ್ರಮವಾಗಿ ಜೋಡಿಸಿ. ಈಗ ಬಾಲಗಳು ತಲೆಗಳಾಗಿವೆ. ಇಡೀ ಪಟ್ಟಿಗೆ ಸಮಾನವಾದದ್ದು ಬೇಕಿದ್ದರೆ ಎಲ್ಲ ಸಾಲು ನೋಡಬೇಕಿಲ್ಲ, ಮೊದಲನೆಯದು ಮತ್ತು ಕಡೆಯದು ಎರಡನ್ನೇ ಹೋಲಿಸಿದರೆ ಸಾಕು. ಜೋಡಣೆಯಲ್ಲಿ ಈ ತುದಿಗೂ ಆ ತುದಿಗೂ ಸಮಾನವಾದದ್ದು ನಡುವಿನ ಎಲ್ಲದರಲ್ಲೂ ಇದ್ದೇ ಇರುತ್ತದೆ. ಪೈಥಾನ್ ಭಾಷೆಯ 'ಕಾಮನ್‌ಪ್ರಿಫಿಕ್ಸ್' ಎಂಬ ಸಿದ್ಧ ಸೌಲಭ್ಯ ಮಾಡುವುದೂ ಇದನ್ನೇ. ತಿರುಗಿಸಿದ ಪಠ್ಯ ಕೊಟ್ಟು, ಬಂದ ಉತ್ತರವನ್ನು ಮತ್ತೆ ತಿರುಗಿಸಿಕೊಳ್ಳಿ. ಕನ್ನಡ ಲಿಪಿಯಲ್ಲೇ ತಿರುಗಿಸಿದ್ದರೆ ನಡುವಿನ ಹಂತದಲ್ಲಿ ಪರದೆ ತುಂಬ ಒಡೆದ ಅಕ್ಷರಗಳು ಕಾಣುತ್ತವೆ. ಹೆದರಿ ಅಳಿಸಬೇಡಿ, ಮತ್ತೆ ತಿರುಗಿಸಿದಾಗ ಎಲ್ಲವೂ ಸ್ವಸ್ಥಾನಕ್ಕೆ ಬರುತ್ತವೆ.

ಬಲದಿಂದ ಎಡಕ್ಕೆ ಹೋಗುವ ಬರಹ ಈ ನೆಲಕ್ಕೆ ಹೊಸತಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಸಹಿ ಹಾಕಿದ್ದಾನೆ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ ಹೋಗುವ ಬ್ರಾಹ್ಮಿ. 'ಲಿಪಿಕರೇಣ' ಎಂಬ ಕಡೆಯ ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ, ದೂರದ ವಾಯವ್ಯ ಗಡಿಯ ಲಿಪಿ. ಅವನ 'ಚಪಡೇನ', 'ಲಿಪಿಕರೇಣ' ಎರಡೂ ಒಂದೇ ತೃತೀಯಾ ವಿಭಕ್ತಿಯಲ್ಲಿ ಮುಗಿಯುತ್ತವೆ. ನಮ್ಮ ಯಂತ್ರಕ್ಕೆ ಕೊಟ್ಟರೆ ಅಕ್ಷರದ ಲೆಕ್ಕದಲ್ಲಿ ನ ಬೇರೆ, ಣ ಬೇರೆ; ಸಮಾನ ಬಾಲ ಇಲ್ಲವೇ ಇಲ್ಲ ಎನ್ನುತ್ತದೆ. ವರ್ಣದ ಲೆಕ್ಕದಲ್ಲೂ ಕೊನೆಯ ಒಂದು ಅಕಾರ ಮಾತ್ರ ಸಿಗುತ್ತದೆ. ಗ, ದ, ಬಗಳ ಹಾಗೆ ಇಲ್ಲಿಯೂ ನ, ಣ ಒಂದೇ ಎಂದು ನಾವೇ ಹೇಳಿಕೊಡಬೇಕು.

ನಿಜವಾಗಿ ನಮಗೆ ಬೇಕಾದದ್ದು ಇಡೀ ಪಟ್ಟಿಯ ಒಂದು ಬಾಲವಲ್ಲ, ಗುಂಪುಗುಂಪಿನ ಬಾಲಗಳು. ತಿರುಗಿಸಿ ಜೋಡಿಸಿದ ಪಟ್ಟಿಯಲ್ಲಿ ಹಟ್ಟಿಗಳೆಲ್ಲ ಒಂದೆಡೆ, ಪುರಗಳೆಲ್ಲ ಒಂದೆಡೆ ತಾವಾಗಿ ಬಂದು ಕೂರುತ್ತವೆ. (ಹಾಡು ಬರೆಯುವವರಿಗೆ ಇದೇ ಪ್ರಾಸಕೋಶ. ಹಳಗನ್ನಡದ ಕವಿಗಳಿಗೆ ಮಾತ್ರ ಉಪಯೋಗವಾಗುತ್ತಿರಲಿಲ್ಲ. ಅವರ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ.) ಪ್ರಶ್ನೆ ಏಳುವುದು ಬಾಲವನ್ನು ಎಲ್ಲಿ ಕತ್ತರಿಸುವುದು ಎಂದು. ಹಳ್ಳಿ ಎಂದೋ, ನಹಳ್ಳಿ ಎಂದೋ, ಇನ್ನೂ ಉದ್ದಕ್ಕೋ? ಅತಿ ಉದ್ದನೆಯದೇ ಸರಿಯಾದದ್ದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ರಾಂಪುರ, ಪರಶುರಾಂಪುರ ಎರಡರ ಉದ್ದನೆಯ ಸಮಾನ ಬಾಲ ಇಡೀ ರಾಂಪುರವೇ. ಹಾಗೆಂದು ಪರಶುರಾಂಪುರವನ್ನು 'ಪರಶು' ಎಂಬ ರಾಂಪುರ ಎನ್ನಲಾದೀತೆ?

ಕತ್ತರಿಸುವ ಜಾಗ ಗುರುತಿಸಲು ಅಮೆರಿಕದ ಭಾಷಾವಿಜ್ಞಾನಿ ಝೆಲಿಗ್ ಹ್ಯಾರಿಸ್ 1955ರಲ್ಲಿ ಒಂದು ಉಪಾಯ ಹೇಳಿದ್ದ. ಧ್ವನಿಗಳ ಸಾಲಿನಲ್ಲಿ ಹೋಗುತ್ತಾ ಪ್ರತಿ ಹೆಜ್ಜೆಗೂ 'ಇದರ ಮುಂದೆ ಎಷ್ಟು ಬೇರೆಬೇರೆ ಧ್ವನಿ ಬರಬಹುದು' ಎಂದು ಎಣಿಸಬೇಕು. ಎಣಿಕೆ ಒಮ್ಮೆಲೇ ಏರಿದಲ್ಲಿ ಪದದ ಒಂದು ಘಟಕ ಮುಗಿದಿರುತ್ತದೆ. ನಾವು ಅದನ್ನು ಹಿಂದಿನಿಂದ ಮಾಡುತ್ತೇವೆ. ನಮ್ಮ ಹಳ್ಳಿಗಳ ಗುಂಪಿನಲ್ಲಿ ಳ್ಳಿಗೆ ಹಿಂದೆ ಏನಿದೆ? ಪ್ರತಿ ಸಲವೂ ಹ. ಒಂದೇ ಆಯ್ಕೆ, ಅಂದರೆ ಇನ್ನೂ ಘಟಕದ ಒಳಗೇ ಇದ್ದೇವೆ. ಹಳ್ಳಿಗೆ ಹಿಂದೆ? ಅಬ್ಬೇನಹಳ್ಳಿಯಲ್ಲಿ ನ, ರಾಮಜೋಗಿಹಳ್ಳಿಯಲ್ಲಿ ಗಿ, ಮೀರಾಸಾಬಿಹಳ್ಳಿಯಲ್ಲಿ ಬಿ, ಕಾಲುವೇಹಳ್ಳಿಯಲ್ಲಿ ವೇ, ದೇವರಹಳ್ಳಿಯಲ್ಲಿ ರ, ಕೊಂಡ್ಲಹಳ್ಳಿಯಲ್ಲಿ ಡ್ಲ. ಬಾಗಿಲು ಎಲ್ಲ ದಿಕ್ಕಿಗೂ ತೆರೆದುಕೊಂಡಿತು. ಕತ್ತರಿ ಇಡಬೇಕಾದದ್ದು ಇಲ್ಲಿ. ಪಟ್ಟಿ ದೊಡ್ಡದಾದಷ್ಟೂ ಈ ಏರಿಕೆ ಸ್ಪಷ್ಟ. ಎರಡು ತಾಲ್ಲೂಕು ಸೇರಿಸಿ ಮಾಡಿದರೆ ಒಂದಕ್ಕಿಂತ ಚೆನ್ನ. ಒಂದು ಬಾಲ ಕನಿಷ್ಠ ಮೂರು ಊರಿನಲ್ಲಾದರೂ ಬರಬೇಕು ಎಂಬ ಕಟ್ಟು ಹಾಕಿಕೊಂಡರೆ ಕಾಕತಾಳೀಯಗಳು ಬಹುಮಟ್ಟಿಗೆ ತೊಲಗುತ್ತವೆ.

ಬಾಲಗಳ ಪಟ್ಟಿ ಸಿದ್ಧವಾದಮೇಲೆ ಎಣಿಕೆಗೆ ಯಾವ ಪ್ರೋಗ್ರಾಮೂ ಬೇಡ. ಎಕ್ಸೆಲ್‌ನ 'ಕೌಂಟ್‌ಇಫ್' ಸೂತ್ರದಲ್ಲಿ ನಕ್ಷತ್ರ ಚಿಹ್ನೆಯ ಜೊತೆ *ಹಟ್ಟಿ ಎಂದು ಕೊಟ್ಟರೆ ಹಟ್ಟಿಯಲ್ಲಿ ಮುಗಿಯುವ ಊರುಗಳೆಷ್ಟು ಎಂದು ಹೇಳುತ್ತದೆ. ಲಿಬ್ರೆಆಫೀಸ್‌ನಲ್ಲಿ ನಕ್ಷತ್ರ ಕೆಲಸ ಮಾಡದಿದ್ದರೆ ಸೆಟ್ಟಿಂಗ್‌ನಲ್ಲಿ ವೈಲ್ಡ್‌ಕಾರ್ಡ್ ಆಯ್ಕೆ ತೆರೆದುಕೊಳ್ಳಿ. ಹಿರೇಕೆರೆಹಳ್ಳಿಯಂಥವನ್ನು *ಕೆರೆ ಹಿಡಿಯುವುದಿಲ್ಲ. ಹಿಡಿಯಲೂ ಬಾರದು, ಅದು ಕೆರೆಯ ಪಕ್ಕದ ಹಳ್ಳಿ. ಗೊಲ್ಲರಹಟ್ಟಿಗಳ ಸಂಖ್ಯೆ ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಕಡಿಮೆ ಕಂಡರೆ ಅವು ಇಲ್ಲವೆಂದಲ್ಲ. ಎಷ್ಟೋ ಹಟ್ಟಿಗಳು ಮುಖ್ಯ ಗ್ರಾಮದ ಹೆಸರಿನ ಕೆಳಗೆ ಮಜರೆಗಳಾಗಿ ಸೇರಿಹೋಗಿರುತ್ತವೆ.

ಕೊನೆಗೆ ವಿಳಾಸದ ಪಟ್ಟಿಯವರಿಗೆ ಒಂದು ಮಾತು. ನಿಮಗೆ ವರ್ಣ, ಸಂಧಿ ಯಾವುದೂ ಬೇಡ; ಪದ ಮತ್ತು ಅಲ್ಪವಿರಾಮದ ಮಟ್ಟದಲ್ಲೇ ನಿಲ್ಲಿ. ಮೊದಲು ಪಿನ್‌ಕೋಡನ್ನು ಬೇರೆ ಕಾಲಂಗೆ ಎತ್ತಿಡಿ. ಚಳ್ಳಕೆರೆಯ 577522, ಮೊಳಕಾಲ್ಮುರಿನ 577535 ಒಂದೇ ಪಟ್ಟಿಯಲ್ಲಿದ್ದರೆ ಕೊನೆಯ ಅಂಕಿಯೇ ಬೇರೆಯಾಗಿ, ಅದರ ಹಿಂದಿನ 'ಚಿತ್ರದುರ್ಗ ಜಿಲ್ಲೆ' ಸಮಾನವಾಗಿದ್ದರೂ ಉತ್ತರ ಖಾಲಿ ಬರುತ್ತದೆ. ಆಮೇಲೆ ಬಂದ ಬಾಲವನ್ನು ಹಾಗೇ ಕತ್ತರಿಸಬೇಡಿ. 'ಕೊಂಡ್ಲಹಳ್ಳಿ, ಮೊಳಕಾಲ್ಮುರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ' ಮತ್ತು 'ಹಿರೇಕೆರೆಹಳ್ಳಿ, ಮೊಳಕಾಲ್ಮುರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ' ಎಂಬ ಎರಡು ಸಾಲುಗಳಲ್ಲಿ ಉದ್ದನೆಯ ಸಮಾನ ಬಾಲ ಆರಂಭವಾಗುವುದು ಅಲ್ಪವಿರಾಮದಿಂದಲ್ಲ, 'ಹಳ್ಳಿ' ಎಂಬಲ್ಲಿಂದ. ಅದನ್ನು ತೆಗೆದರೆ ಉಳಿಯುವುದು 'ಕೊಂಡ್ಲ' ಮತ್ತು 'ಹಿರೇಕೆರೆ'. ಕೊಂಡ್ಲ ಎನ್ನುವುದನ್ನು ಅಂಚೆಯವರು ಹೇಗೋ ಊಹಿಸಿಯಾರು. ಹಿರೇಕೆರೆ ಎಂದು ಬರೆದ ಲಕೋಟೆ ಯಾವ ಊರಿಗೆ ಹೋಗಿ ಬೀಳುತ್ತದೋ ಹೇಳಲಾಗದು. ಬಾಲ ಸಿಕ್ಕಮೇಲೆ ಅದರೊಳಗಿನ ಮೊದಲ ಅಲ್ಪವಿರಾಮದವರೆಗೆ ಬಲಕ್ಕೆ ಸರಿದು, ಅಲ್ಲಿಂದ ಕತ್ತರಿಸಿ.